ಜಯಮ್ಮನ ಕೈಗೆ ಸೂಜಿ, ನನ್ನ ಹೊಟ್ಟೆಗೆ ಕಿಚ್ಚು

ಹೊಟ್ಟೆಕಿಚ್ಚು ಹುಟ್ಟಬೇಕಾದರೆ ಪಕ್ಕದವರ ಮನೆಗೆ ಒಡವೆಯೋ ಸೈಟೋ ಬರಬೇಕು ಎಂದು ಜನ ತಿಳಿದಿದ್ದಾರೆ. ನನಗೆ ಇನ್ನೊಬ್ಬರ ಕಾಯಿಲೆಯೇ ಸಾಕಾಯಿತು.

ತೊಂಬತ್ತನಾಲ್ಕರಲ್ಲೋ ಐದರಲ್ಲೋ, ನಾವೆಲ್ಲ ಹೊಸಹೊಳಲಿನ ಪಕ್ಕದ ಹಳ್ಳಿಯಲ್ಲಿ ಒಂದೇ ಮನೆಯಲ್ಲಿದ್ದೆವು. ಡೇರಿಗೆ ಹಾಲು ಹಾಕುವ ಮನೆ. ಹಸು ಕರೆಯುವವರು ನಾನು ಮತ್ತು ನನ್ನ ವಾರಗಿತ್ತಿ ಜಯಮ್ಮ. ಅವಳ ಬಲಗೈ ಜೋಮು ಹಿಡಿದು, ಹಿಡಿದ ಚೊಂಬು ಜಾರತೊಡಗಿದಾಗ ಅವಳ ಗಂಡ, ನನ್ನ ಮೈದುನ, ಅವಳನ್ನು ಮೈಸೂರಿನ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿ ಹೆಬ್ಬೆರಳ ಬುಡದ ಸ್ನಾಯುವಿಗೆ ಸೂಜಿ ಚುಚ್ಚಿ, ಅದರ ತಂತಿಯನ್ನು ಒಂದು ಪೆಟ್ಟಿಗೆಗೆ ಸಿಕ್ಕಿಸಿ, ಸ್ನಾಯುವಿನೊಳಗಿನ ಕರೆಂಟು ನೋಡಿದರಂತೆ. "ಮಣಿಕಟ್ಟಲ್ಲಿ ನರ ಅದುಮ್ಕೊಂಡದಂತೆ ಕಣಕ್ಕ. ಬೆರಳು ಆಡಿಸಿದ್ರೆ ಪೆಟ್ಟಿಗೆ ಗೊರಗೊರ ಅಂತದೆ" ಅಂದಳು.

ಊರ ಕಂಬದಲ್ಲೇ ಇಲ್ಲದ ಕರೆಂಟು ಜಯಮ್ಮನ ಕೈಯಲ್ಲಿದೆ ಎಂದ ಮೇಲೆ ಜನ ಬಿಡುತ್ತಾರೆಯೇ? ಬಾಳೆಹಣ್ಣು ಹಿಡಿದು ನೋಡಲು ಬಂದರು. ಅದನ್ನೂ ಸಹಿಸಿದೆ. ಆದರೆ ಮದುವೆಯಾದಂದಿನಿಂದ ನನ್ನ ತಲೆ ಮುಟ್ಟದ ನಮ್ಮತ್ತೆ, ಅವಳನ್ನು ಜಗಲಿಯಲ್ಲಿ ಕೂರಿಸಿಕೊಂಡು ಜಡೆ ಹೆಣೆದರು. ಇಬ್ಬರ ಪಾಲಿನ ಹಸುಗಳನ್ನೂ ಕರೆಯುತ್ತಾ ನಾನು ಕೊಟ್ಟಿಗೆಯಿಂದ ನೋಡಿದೆ. ಕೆಲವೇ ದಿನಗಳಲ್ಲಿ ನನ್ನ ಕೈಯೂ ಜುಮ್ಮೆಂದಿತು. ದೇವರಾಣೆ, ನಿಜವಾಗಿಯೂ ಜುಮ್ಮೆಂದಿತು.

"ನಡಿ, ನಿಂದೂ ನೋಡಿಸ್ಬುಡವ" ಎಂದು ನಮ್ಮ ಯಜಮಾನರು ಮೈಸೂರಿನ ಬಸ್ಸು ಹತ್ತಿಸಿದರು. ಸೂಜಿ ಇಟ್ಟ ಡಾಕ್ಟರು, "ಹೆಬ್ಬೆರಳು ಮೆಲ್ಲಗೆ ಅದುಮಿ" ಅಂದರು. ಬಲ ಸೋತವಳಂತೆ ಅದುಮಬೇಕೆಂದುಕೊಂಡಿದ್ದೆ. ನೋವಿಗೆ ಮುಷ್ಟಿಯೇ ಬಿಗಿಯಿತು. ಪೆಟ್ಟಿಗೆ ಟ್ರಾಕ್ಟರಿನಂತೆ ಅಬ್ಬರಿಸಿತು. "ನರ, ಸ್ನಾಯು ಎರಡೂ ಬಹಳ ಚೆನ್ನಾಗಿವೆಯಮ್ಮ" ಎಂದರು. ಆ ಆಸ್ಪತ್ರೆಯಲ್ಲಿ ಅಂಥ ಸುದ್ದಿ ಕೇಳಿ ಅತ್ತವಳು ನಾನೊಬ್ಬಳೇ ಇರಬೇಕು.

ಮನೆಯಲ್ಲಿ ಅತ್ತೆ, "ಗಟ್ಟಿ ಕೈ ಕಣಮ್ಮಿ ನಿಂದು! ಒಂದು ಎಮ್ಮೆನೂ ತರಿಸ್ಬುಡವ" ಎಂದು ಹಿಗ್ಗಿದರು.

ಜಯಮ್ಮನಿಗೆ ಆಪರೇಷನ್ ಆಗಬೇಕೆಂದು ಡಾಕ್ಟರು ಹೇಳಿದರು. ಅದರ ಹಿಂದಿನ ದಿನ ಅವಳು ಕೊಟ್ಟಿಗೆಗೆ ಬಂದು, "ಅಕ್ಕ, ಕೈ ಸರಿಯಾಗ್ದಿದ್ರೆ ಮಗಾನ ಎಂಗೆ ಎತ್ಕಳ್ಲಿ?" ಎಂದು ಅತ್ತಳು. ಹಾಲಿನ ಕೈಯಲ್ಲೇ ಅವಳ ಕಣ್ಣೊರೆಸಿದೆ. ಅಂದು ರಾತ್ರಿ ನನಗೂ ಊಟ ಸೇರಲಿಲ್ಲ.

ಕೈ ಸರಿಹೋಯಿತು. ಕೆಲವು ತಿಂಗಳ ಮೇಲೆ ಅವಳು ನನ್ನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಹಸು ಕರೆದಾಗ, ನಿಜ ಹೇಳುತ್ತೇನೆ, ಕಣ್ತುಂಬಿ ಬಂತು. ಅಷ್ಟರಲ್ಲಿ ಅತ್ತೆ ಇಣುಕಿ, "ಆಹಾ, ಏನ್ ನೊರೆ ಬರಂಗೆ ಕರೀತಾಳೆ ನಮ್ ಜಯ!" ಅಂದರು.

ಅವರು ಅತ್ತ ತಿರುಗಿದ್ದೇ ತಡ, ನಾನು ಬಗ್ಗಿ ಎರಡೂ ಚೊಂಬಿನ ನೊರೆಯನ್ನು ಹೋಲಿಸಿ ನೋಡಿದೆ.