ಜವ, ವೇಗ ಮತ್ತು ನನ್ನ ಮೀಸೆ

ಮೇಷ್ಟ್ರು ಮಾಡಿದ ಪಾಠ ತಿರುಗಿ ಮೇಷ್ಟ್ರಿಗೇ ಬಡಿಯುವುದು ನಮ್ಮ ಕಡೆ ಹೊಸದಲ್ಲ. ನನಗಂತೂ ವರ್ಷಕ್ಕೆರಡು ಬಾರಿಯಾದರೂ ಬಡಿಯುತ್ತದೆ. ನಾನು ಕಿಬ್ಬನಹಳ್ಳಿ ಹತ್ತಿರದ ಹೈಸ್ಕೂಲೊಂದರ ವಿಜ್ಞಾನದ ಮೇಷ್ಟ್ರು. ಇಲ್ಲಿ ಹೇಳುವುದರಲ್ಲಿ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಇನ್ನೂ ನಿಜ.

೧. ಪಂದ್ಯ

ನನ್ನ ಭಾಮೈದ ದಬ್ಬೇಘಟ್ಟದ ಕಡೆ ತೆಂಗಿನ ತೋಟದವನು. ಒಮ್ಮೆ ನಮ್ಮ ಮನೆಗೆ ಬಂದಿದ್ದಾಗ, ನಾನು ತಿದ್ದುತ್ತಿದ್ದ ಒಂಬತ್ತನೇ ಕ್ಲಾಸಿನ ಉತ್ತರಪತ್ರಿಕೆಗೆ ಇಣುಕಿದ.

"ಭಾವ, ಜವ ಅಂದ್ರೂ ಸ್ಪೀಡು, ವೇಗ ಅಂದ್ರೂ ಸ್ಪೀಡು. ಒಂದನ್ನೇ ಯಾಕೆ ಎರಡೆರಡು ಸಲ ಕೇಳ್ತೀರಾ ಮಕ್ಕಳನ್ನ?"

"ಲೇ, ಎಷ್ಟು ಜೋರು ಅನ್ನೋದು ಜವ. ಎಷ್ಟು ಜೋರು, ಜೊತೆಗೆ ಯಾವ ಕಡೆಗೆ ಅನ್ನೋದು ವೇಗ. ದಿಕ್ಕು ಮುಖ್ಯ ಕಣ್ಲಾ."

"ಜೋರಾಗಿ ಹೋದ್ರೆ ಸಾಕು ಬುಡಿ. ದಿಕ್ಕು ತಾನಾಗೇ ಬತ್ತದೆ."

ನನಗೆ ರೋಷ ಬಂತು. 'ದಿಕ್ಕು ಮುಖ್ಯ' ಅಂತ ತಿಂಗಳೊಳಗೆ ನಿನ್ನ ಬಾಯಲ್ಲೇ ಹೇಳಿಸದಿದ್ದರೆ, ಇಪ್ಪತ್ತು ವರ್ಷ ಕೊಬ್ಬರಿ ಎಣ್ಣೆ ಹಾಕಿ ಸಾಕಿದ ಈ ಮೀಸೆ ಬೋಳಿಸುತ್ತೇನೆ ಎಂದುಬಿಟ್ಟೆ.

ಒಳಗಿಂದ ಹೆಂಡತಿ ಕೂಗಿದಳು: "ತಮ್ಮಾ, ಏನೇ ಆದ್ರೂ ಬಾಯಿ ಬಿಡಬೇಡ ಕಣೋ!"

೨. ಬಸ್ಸು

ಮಾರನೆಯ ಬೆಳಗ್ಗೆ ಅವನನ್ನು ಊರಿಗೆ ಕಳಿಸಲು ಕಿಬ್ಬನಹಳ್ಳಿ ಕ್ರಾಸಿಗೆ ಹೋದೆ. ಅಲ್ಲಿಂದ ತುರುವೇಕೆರೆ ಬಸ್ಸು ದಕ್ಷಿಣಕ್ಕೆ, ಚಿಕ್ಕನಾಯಕನಹಳ್ಳಿ ಬಸ್ಸು ಉತ್ತರಕ್ಕೆ. ಅವನು ಹೋಗಬೇಕಾದ್ದು ದಕ್ಷಿಣಕ್ಕೆ. ಬೋರ್ಡು ಓದುವ ಮೊದಲೇ ಉತ್ತರದ ಬಸ್ಸಿಗೆ ಹತ್ತಿಸಿ, ಕಂಡಕ್ಟರಿಗೆ ಕಣ್ಣು ಹೊಡೆದು ಟಿಕೆಟ್ಟೂ ತೆಗೆಸಿದೆ. ಆಸಾಮಿ ಕೂತ ಕೂಡಲೇ ನಿದ್ದೆ.

ಸ್ವಲ್ಪ ಹೊತ್ತಿಗೆ ಫೋನ್ ಬಂತು. "ಈಗ ಹೇಳಪ್ಪ," ಎಂದೆ ಮೀಸೆ ನೀವಿಕೊಂಡು, "ಏನು ತಪ್ಪಿತು?"

"ಏನೂ ತಪ್ಪಿಲ್ಲ ಭಾವ. ಬಸ್ಸು ಸ್ಪೀಡಾಗೇ ಬಂತು. ಊರೇ ಬೇರೆ ಬಂದ್ಬುಡ್ತು."

೩. ಉಳುಮೆ

ಒಂದು ಭಾನುವಾರ ಹೆಂಡತಿಯೊಡನೆ ಅವನ ತೋಟಕ್ಕೇ ಹೋದೆ. ತೆಂಗಿನ ಸಾಲುಗಳ ನಡುವೆ ಬೆಳಗ್ಗಿನಿಂದ ಟ್ರ್ಯಾಕ್ಟರ್ ಓಡಿಸಿ ಉತ್ತು, ಸಂಜೆ ಹೊರಟ ಜಾಗಕ್ಕೇ ತಂದು ನಿಲ್ಲಿಸಿದ.

"ಲೇ, ಹೊರಟಲ್ಲಿಗೇ ಬಂದೆ. ಜವ ಎಷ್ಟಾದ್ರೂ ಇರಲಿ, ಲೆಕ್ಕದ ಪ್ರಕಾರ ನಿನ್ನ ಸರಾಸರಿ ವೇಗ ಸೊನ್ನೆ!"

"ಹಂಗಾದ್ರೆ ತೋಟ ಉತ್ತಿದ್ದು ಯಾರು, ದೆವ್ವನಾ?"

ಕಾಫಿ ತಂದ ಹೆಂಡತಿ ನಡುವೆ ಬಾಯಿ ಹಾಕಿದಳು. "ರೀ, ನೀವು ದಿನಾ ಬೆಳಗ್ಗೆ ಸ್ಕೂಲಿಗೆ ಹೋಗಿ ಸಂಜೆ ಮನೆಗೇ ಬತ್ತೀರಲ್ಲ?"

"ಹೂಂ ಕಣೇ. ನನ್ನದೂ ಸೊನ್ನೆಯೇ."

"ಅದು ಮದ್ವೆಯಾದ ವಾರಕ್ಕೇ ಗೊತ್ತಾಗಿತ್ತು ಬುಡಿ."

೪. ನೀರು ನೋಡುವವರು

ತಿಂಗಳ ಕೊನೆಯ ದಿನ. ಮೀಸೆಗೆ ಅದೇ ಕೊನೆಯ ದಿನವೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಭಾಮೈದನ ತೋಟಕ್ಕೆ ಹೋದೆ. ಅವತ್ತೇ ಅವನು ಬೋರ್ ಕೊರೆಸಲು ಜಾಗ ತೋರಿಸಿ ಎಂದು ನೀರು ನೋಡುವ ಯಜಮಾನರನ್ನು ಕರೆಸಿದ್ದ. ಜುಟ್ಟಿರುವ ತೆಂಗಿನಕಾಯಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು ತೋಟವೆಲ್ಲ ನಡೆಯುತ್ತಾರೆ. ಕಾಯಿ ಎಲ್ಲಿ ಎದ್ದು ನಿಲ್ಲುತ್ತದೋ ಅಲ್ಲಿ ನೀರು.

"ಸ್ವಾಮಿ, ಬೋರ್ ಲಾರಿ ಮಧ್ಯಾಹ್ನಕ್ಕೇ ಬತ್ತದೆ. ವಸಿ ಸ್ಪೀಡಾಗಿ ನೋಡಿ," ಎಂದ ಭಾಮೈದ.

ಯಜಮಾನರು ಹೊರಟರು ನೋಡಿ! ಕಾಯಿಯೇ ಎಳೆದುಕೊಂಡು ಹೋದಂತೆ ಕೊಟ್ಟಿಗೆ ದಾಟಿದರು, ಹುಲ್ಲಿನ ಮೆದೆ ದಾಟಿದರು. ಭಾಮೈದ ಹಿಗ್ಗಿ, "ನೋಡಿದ್ರಾ ಭಾವ, ಏನ್ ಸ್ಪೀಡು!" ಎಂದ. ಅಷ್ಟರಲ್ಲಿ ಅವರು ಪಂಚೆ ಎತ್ತಿ ಕಟ್ಟಿ ಬೇಲಿ ಹಾರಿದರು. ಬೇಲಿಯಾಚೆ ದಾಯಾದಿಯ ತೋಟ. ಹತ್ತು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಆ ದಾಯಾದಿ ಬದುವಿನ ಮೇಲೆ ಕೂತು ಎಲೆಅಡಿಕೆ ಹಾಕುತ್ತಿದ್ದ.

ಭಾಮೈದ ಎರಡೂ ಕೈ ಎತ್ತಿಕೊಂಡು ಓಡಿದ. "ಅಯ್ಯೋ ನಿಂತ್ಕಳಿ ಸ್ವಾಮೀ! ಸ್ಪೀಡು ಹಾಳಾಗ್ಹೋಗ್ಲಿ, ಯಾವ ಕಡೆ ಹೋಗ್ತಿದ್ದೀರಿ ನೋಡ್ರೀ! ದಿಕ್ಕು ಮುಖ್ಯ, ದಿಕ್ಕು!"

ಅತ್ತ ಯಜಮಾನರ ಅಂಗೈ ಮೇಲೆ ಕಾಯಿ ಸಟ್ಟನೆ ಎದ್ದು ನಿಂತಿತು. ಇತ್ತ ನನ್ನ ಮೀಸೆಯೂ. ಯಜಮಾನರಿಗೆ ನಾನು ಏನೂ ಹೇಳಿಕೊಟ್ಟಿರಲಿಲ್ಲ, ದೇವರಾಣೆ. ಬೆಳಗ್ಗೆ ಎರಡು ಪ್ಲೇಟ್ ಇಡ್ಲಿ ಕೊಡಿಸಿದ್ದೆ, ಅಷ್ಟೇ.

ದಾಯಾದಿ ಎದ್ದು ಬಂದು ಯಜಮಾನರ ಕಾಲಿಗೆ ಬಿದ್ದ. ಬೇಲಿ ಹಿಡಿದು ನಿಂತಿದ್ದ ಭಾಮೈದ ನಿಧಾನವಾಗಿ ನನ್ನ ಕಡೆ ತಿರುಗಿದ.

"ಗೆದ್ರಿ ಭಾವ, ಮೀಸೆ ಇಟ್ಕಳಿ. ಈಗ ಆ ನೀರನ್ನ ಬೇಲಿ ಹಾರಿಸಿ ಈ ಕಡೆ ತರೋ ಪಾಠ ಎಷ್ಟನೇ ಕ್ಲಾಸಲ್ಲಿದೆ, ಹೇಳಿ!"