ಒಂದು ಬುಟ್ಟಿ ಹೆಂಡಿಯ ಗೋಲ್ಫ್

ನಮ್ಮ ಮಾವನವರಿಗೆ ಹುಚ್ಚು ಹಿಡಿದಿತ್ತು ಎಂದು ಊರವರು ಹೇಳುವುದನ್ನು ನಾನು ಒಪ್ಪುವುದಿಲ್ಲ. ಹುಚ್ಚು ಅವರನ್ನು ಹಿಡಿಯಲಿಲ್ಲ. ಅವರೇ ಹುಚ್ಚನ್ನು ಬೆಳಗಾವಿಯಲ್ಲಿ ಹಿಡಿದು, ಬಸ್ಸಿನಲ್ಲಿ ಕೂರಿಸಿಕೊಂಡು ಬಂದು, ಗುಡೂರಿನ ದನ ಮೇಯುವ ಗಾಯರಾಣದಲ್ಲಿ ಏಳು ಗುಣಿ ತೋಡಿ ಬಿಟ್ಟಿದ್ದರು. ಆ ಹುಚ್ಚಿನ ಹೆಸರು ಗೋಲ್ಫ್.

ನಗಬೇಡಿ. ಎಪ್ಪತ್ತರ ದಶಕದ ಕೊನೆಯ ಮಾತು ಇದು. ಮಾವನವರು ಓವರಸಿಯರ್ ಆಗಿದ್ದವರು. ಬೆಳಗಾವಿಯ ದಂಡಿನ ಪ್ರದೇಶದ ಬದಿಯಲ್ಲಿ ಚರಂಡಿ ಕಟ್ಟಿಸುತ್ತಿದ್ದಾಗ, ಬೇಲಿಯಾಚೆ ಸಾಹೇಬರು ಆಡುವುದನ್ನು ಎರಡು ವರ್ಷ ನೋಡಿದ್ದರಂತೆ. ವರ್ಗವಾಗಿ ಹೊರಟ ಯಾರೋ ಒಬ್ಬ ಸಾಹೇಬರು ಇವರ ಆಸೆಗಣ್ಣು ಕಂಡು ಒಂದು ಕಬ್ಬಿಣದ ಕೋಲನ್ನೂ ಒಂದು ಬಿಳಿ ಚೆಂಡನ್ನೂ ಕೊಟ್ಟು ಹೋದರು. ನಿವೃತ್ತರಾಗಿ ಊರಿಗೆ ಬಂದ ಮೂರನೇ ದಿನಕ್ಕೆ ನಮ್ಮ ಮಾವ ಗುದ್ದಲಿ ಹಿಡಿದರು.

ಆ ಆಟಕ್ಕೆ ಹಸಿರು ಹುಲ್ಲು ಬೇಕು. ನಮ್ಮ ಸೀಮೆಯಲ್ಲಿ ಹುಲ್ಲು ತಲೆ ಎತ್ತಿದರೆ ದನಗಳು ಬಿಡುತ್ತವೆಯೇ? ಮಾವನವರು ಇಂಜಿನಿಯರಿಂಗ್ ಬುದ್ಧಿ ಓಡಿಸಿದರು. ಗುಣಿಯ ಸುತ್ತ ಚೆಂಡು ನುಣ್ಣಗೆ ಉರುಳಬೇಕು, ಅಷ್ಟೇ ತಾನೆ? ಅಂಗಳದ ಹಾಗೆ ಹೆಂಡಿಯಿಂದ ಸಾರಿಸಿದರಾಯಿತು! ಸಾರಿಸಿದರು. ಆಮೇಲೆ ಒಂದು ಕಲ್ಲುಚಪ್ಪಡಿಯ ಮೇಲೆ ಡಾಂಬರಿನಿಂದ ಬರೆದು ದಾರಿಬದಿಗೆ ನಿಲ್ಲಿಸಿದರು. 'ಗೋಲ್ಫ್ ಮೈದಾನ. ಎಲ್ಲರಿಗೂ ಮುಕ್ತ. ಶುಲ್ಕ: ಒಂದು ಬುಟ್ಟಿ ಹೆಂಡಿ. ಸುಳ್ಳು ಹೇಳುವವರಿಗೆ ಪ್ರವೇಶವಿಲ್ಲ.'

ಹೆಂಡಿ ಎಂದರೆ ಸಗಣಿ ಎಂದು ದಕ್ಷಿಣದ ಓದುಗರಿಗೆ ಹೇಳಿಬಿಡುತ್ತೇನೆ. ದೇಶದಲ್ಲಿ ಇದಕ್ಕಿಂತ ಅಗ್ಗದ ಗೋಲ್ಫ್ ಎಲ್ಲಿಯೂ ಇರಲಿಕ್ಕಿಲ್ಲ. ಆದರೂ ಮನೆಯಲ್ಲಿ ನಮ್ಮ ಅತ್ತೆಯವರು, "ಒಲಿಗೆ ಕುಳ್ಳು ತಟ್ಟಾಕ ಹೆಂಡಿ ಇಲ್ಲ, ಇವರ ಆಟಕ್ಕ ಹೆಂಡಿ ಬೇಕಂತ" ಎಂದು ದಿನಾ ಬೆಳಿಗ್ಗೆ ಒಲೆಗೆ ದೂರು ಕೊಡುತ್ತಿದ್ದರು. ಗಾಯರಾಣಕ್ಕೆ ಅವರು ಒಂದು ದಿನವೂ ಕಾಲಿಟ್ಟವರಲ್ಲ.

ಊರವರ ಬಾಯಿಗೆ ಗೋಲ್ಫ್ ಎಂಬ ಶಬ್ದ ಹೊರಳಲಿಲ್ಲ. ಗೋಲಪ್ಪ ಎಂದರು. ಗೋಲಪ್ಪ ಎಂದ ಮೇಲೆ ದೇವರೇ ಇರಬೇಕಲ್ಲ? ಕಮತಗಿಯ ಕಡೆಯಿಂದ ನಡೆದು ಬಂದ ಯಾರೋ ಅಜ್ಜಿ, ಬಯಲಲ್ಲಿ ಇಷ್ಟು ಚೊಕ್ಕಟವಾಗಿ ಸಾರಿಸಿದ ಜಾಗ ಕಂಡು, ಒಂದನೇ ಗುಣಿಗೆ ಕುಂಕುಮ ಹಚ್ಚಿ ಕಾಯಿ ಒಡೆದು ಹೋದಳು. ಮಾವನವರು ಕುಂಕುಮ ಒರೆಸಲಿಲ್ಲ. ಕಾಯಿಯ ಹೋಳನ್ನು ತಿನ್ನುತ್ತಾ, "ಮೊದಲನೇ ಶುಲ್ಕ ಬಂತು" ಎಂದರಂತೆ.

ಇಷ್ಟಕ್ಕೇ ನಿಂತಿದ್ದರೆ ನನಗೇನೂ ತೊಂದರೆ ಇರಲಿಲ್ಲ. ಆದರೆ ಅವರಿಗೆ ಮದುವೆಗೆ ಬಂದ ಮಗಳಿದ್ದಳು. ಮಗಳನ್ನು ನೋಡಲು ಬಂದ ವರ ತಮ್ಮೊಡನೆ ಏಳು ಗುಣಿ ಆಡಲೇಬೇಕು ಎಂದು ಅವರು ನೇಮ ಮಾಡಿದ್ದರು. ಸೋತರೆ ಚಿಂತೆಯಿಲ್ಲ, ಸುಳ್ಳು ಹೇಳಬಾರದು. ಈ ಆಟದಲ್ಲಿ ಒಂದೊಂದು ಗುಣಿಗೆ ಎಷ್ಟು ಹೊಡೆತ ಬಿತ್ತೆಂದು ಆಡಿದವನೇ ಹೇಳಬೇಕು. ಹೇಳಿದ್ದನ್ನು ಅವರು ಪಾಟಿಯ ಮೇಲೆ ಬಳಪದಿಂದ ಬರೆದುಕೊಳ್ಳುತ್ತಿದ್ದರು.

ಈ ಸಂಗತಿ ನನಗೆ ತಿಳಿದದ್ದು ಕನ್ಯೆ ನೋಡಲು ಹೊರಟ ದಿನ, ಬಾಗಲಕೋಟೆ ಬಿಟ್ಟ ಮೇಲೆ, ಬಸ್ಸಿನಲ್ಲಿ. ಜೊತೆಗಿದ್ದ ನಮ್ಮ ಅಣ್ಣ ಮೊದಲೇ ಹೇಳಿದ್ದರೆ ನಾನು ಬರುತ್ತಿರಲಿಲ್ಲ ಎಂದು ಅವನಿಗೆ ಗೊತ್ತಿತ್ತು.

"ಹಿಂದ ಮೂರು ಮಂದಿ ಬಂದು ಹೋಗ್ಯಾರ" ಎಂದ. "ಒಬ್ಬಾಂವ ಬುಟ್ಟಿ ಹೊರೂದಿಲ್ಲ ಅಂದ. ಇನ್ನೊಬ್ಬಾಂವ ಕಾಲಿಲೆ ಚೆಂಡು ಸರಿಸಿದ. ಮೂರನೇದಾಂವ ಒಂಬತ್ತು ಹೊಡೆದು ಏಳು ಅಂದ. ಮೂವರಿಗೂ ಚಾ ಕುಡಿಸಿ ಬಸ್ ಹತ್ತಿಸ್ಯಾರ."

ನಾನು ಹುಟ್ಟಾ ಪುಕ್ಕಲ. ಬಾಗಲಕೋಟೆಯ ಸಾಲೆಯಲ್ಲಿ ಗಣಿತದ ಮಾಸ್ತರನಾಗಿದ್ದೆ. ಇನ್‌ಸ್ಪೆಕ್ಟರು ತರಗತಿಗೆ ಬಂದರೆ ಏಳೆಂಟಲೇ ಎಷ್ಟು ಎನ್ನುವುದೇ ಮರೆಯುತ್ತಿತ್ತು. ಕೈಯಲ್ಲಿ ಕೋಲು ಹಿಡಿದದ್ದು ಹುಡುಗರನ್ನು ಹೆದರಿಸಲು ಮಾತ್ರ, ಅವರೂ ಹೆದರುತ್ತಿರಲಿಲ್ಲ. ಗುಡೂರು ಬರುವಷ್ಟರಲ್ಲಿ ಬಿಳಿ ಟೆರಿಲಿನ್ ಅಂಗಿ ಬೆನ್ನಿಗೆ ಅಂಟಿತ್ತು. ಹುಡುಗಿ ಹೇಗಾದರೂ ಇರಲಿ, ಬೇಡ ಎಂದು ಹೇಳಿ ತಿರುಗಿ ಹೋಗೋಣ ಎಂದು ನಿರ್ಧರಿಸಿಬಿಟ್ಟಿದ್ದೆ.

ಹುಡುಗಿ ಚಹಾ ತಂದಳು. ನಿರ್ಧಾರ ನನ್ನ ಕೈಬಿಟ್ಟಿತು.

ಹಸಿರು ಇಳಕಲ್ಲ ಸೀರೆ, ಕೆಂಪು ಸೆರಗು. ತಲೆ ಬಗ್ಗಿಸಿದ್ದಳು, ಆದರೆ ತುಟಿಯ ತುದಿಯಲ್ಲಿ ನಗು ಇತ್ತು. ಅಣ್ಣ ಚುರುಮುರಿ ಸೂಸಲದಲ್ಲಿ ಮುಳುಗಿದ್ದ. ಕಪ್ಪು ನನ್ನ ಕೈಗೆ ಕೊಡುವಾಗ ಅವಳು, ನನಗೊಬ್ಬನಿಗೇ ಕೇಳಿಸುವಂತೆ, "ಎರಡನೇ ಗುಣಿಗೆ ಎಡಕ್ಕ ಹೊಡೀರಿ. ಬಲಕ್ಕ ಹಾಳಬಾವಿ ಐತಿ" ಎಂದಳು.

ಅಷ್ಟೇ. ಒಳಗೆ ಹೋದಳು. ಈ ಹುಡುಗಿ ತಪ್ಪಿ ಹೋದರೆ ನನ್ನ ಗತಿ ಏನು ಎಂಬ ಹೊಸ ಭಯ ಹುಟ್ಟಿದ್ದು ಆಗಲೇ. ಅದರ ಮುಂದೆ ಹಳೆಯ ಭಯಗಳೆಲ್ಲ ಸಣ್ಣ ಹುಡುಗರಾಗಿ ಬಿಟ್ಟವು.

"ಏಳ್ರಿ ಮಾಸ್ತರ್ರ, ಹೋಗೂಣು" ಎಂದು ಮಾವನವರು ಬುಟ್ಟಿ ತೋರಿಸಿದರು. ತುಂಬಿದ ಬುಟ್ಟಿ. ಹೊತ್ತೆ. ಬಿಳಿ ಅಂಗಿಯ ಭುಜದ ಮೇಲೆ ಅದು ತನ್ನ ಸಹಿ ಹಾಕಿತು. ಅಣ್ಣ ಬಾಗಿಲಲ್ಲಿ ನಿಂತು, "ಲೇ, ಅವರು ಏನಂದ್ರೂ ಹೂಂ ಅನ್ನು" ಎಂದು ಹರಸಿ ಕಳಿಸಿ, ಮತ್ತೆ ಸೂಸಲಕ್ಕೆ ಮರಳಿದ.

ಅತಿಥಿಗೆ ಮರ್ಯಾದೆಯೆಂದು ಮಾವನವರು ಬೆಳಗಾವಿಯ ಬಿಳಿ ಚೆಂಡನ್ನು ನನಗೆ ಕೊಟ್ಟರು. ತಮಗೆ ಚಿಂದಿ ಸುತ್ತಿ ಸೈಕಲ್ ಟ್ಯೂಬು ಬಿಗಿದ ಚೆಂಡು. "ಇದೊಂದ ಐತ್ರಿ. ಕಳೀಬ್ಯಾಡ್ರಿ" ಎಂದರು. ಒಂದನೇ ಗುಣಿಗೆ ಏಳು ಹೊಡೆತ ಹಾಕಿದೆ. ಏಳು ಎಂದೆ. "ಖರೆ?" ಎಂದರು. "ಖರೆ ರೀ" ಎಂದೆ. ಪ್ರತಿ ಸಲ ಅವರು ಹೀಗೆ ಕೇಳುವವರೇ. ಅವರ ಕಣ್ಣು ಆಗ ನೆಲದ ಮಟ್ಟ ನೋಡುವ ಓವರಸಿಯರನ ಕಣ್ಣೇ.

ಎರಡನೇ ಗುಣಿಗೆ ಬಂದೆವು. ಎದುರಿಗೆ ಡಬಗಳ್ಳಿಯ ಸಾಲು, ಅದರಾಚೆ ಏನೂ ಕಾಣದು. ಎಡಕ್ಕೆ ಎಂದಿದ್ದಳು. ಆದರೆ ಹೇಳುವಾಗ ಅವಳು ನನಗೆ ಎದುರಾಗಿ ನಿಂತಿದ್ದಳಲ್ಲವೇ? ಅವಳ ಎಡ ನನ್ನ ಬಲ! ಅವಳು ಹೇಳಿದ್ದು ತನ್ನ ಎಡವೋ, ನನ್ನ ಎಡವೋ? ಕೈ ಬೆವರಿ ಕೋಲು ಜಾರತೊಡಗಿತು. ನಾನು ಗಣಿತದವನು, ಲೆಕ್ಕ ಹಾಕಿದೆ. ಅವಳ ಎಡವೇ ಇರಬೇಕೆಂದು ತೀರ್ಮಾನಿಸಿ, ಕಣ್ಣು ಮುಚ್ಚಿ ಬಲಕ್ಕೆ ಬೀಸಿದೆ. ಚೆಂಡು ಕೋಲಿನ ಅಂಚಿಗೆ ತಾಗಿ ನೇರ ಎಡಕ್ಕೆ ಹಾರಿತು.

"ಭೇಷ್" ಎಂದರು ಮಾವನವರು. "ಬಲಕ್ಕ ಬಾವಿ ಐತ್ರಿ ಅಲ್ಲೆ."

ತಲೆ ಮಾಡಿದ ತಪ್ಪನ್ನು ಕೈ ತಿದ್ದಿತ್ತು. ನನ್ನ ಜೀವನದಲ್ಲಿ ಇಂಥ ಸಹಾಯ ಮತ್ತೆ ಸಿಕ್ಕಿಲ್ಲ.

ಗ್ರಹಚಾರ ಕಾದಿದ್ದದ್ದು ನಾಲ್ಕನೇ ಗುಣಿಯಲ್ಲಿ. ನನ್ನ ಚೆಂಡು ಉರುಳಿ ಉರುಳಿ ಕೆಸರಿನ ತಗ್ಗಿಗೆ ಹೋಯಿತು. ನೋಡುತ್ತಿದ್ದ ಹಾಗೆಯೇ ಒಂದು ಎಮ್ಮೆ ಬಂದು ಅದರ ಮೇಲೆ ಮಲಗಿತು. ಬೇಕೆಂದೇ ಮಲಗಿದ ಹಾಗೆ ಇತ್ತು.

"ಎಬ್ಬಿಸಲೇನ್ರಿ?" ಎಂದೆ.

"ಎಬ್ಬಸಂಗಿಲ್ಲ. ಗಾಯರಾಣ ಅದರದು. ನಾವು ಆಡಾಕ ಬಂದವರು" ಎಂದರು ಮಾವನವರು, ಕಲ್ಲಿನ ಮೇಲೆ ಕೂತರು.

ಅರ್ಧ ತಾಸು ಕಾದೆವು. ಎಮ್ಮೆ ಮೆಲುಕು ಹಾಕುತ್ತಾ ನನ್ನನ್ನೇ ನೋಡುತ್ತಿತ್ತು. ಕೊನೆಗೆ ಅದು ಎದ್ದಾಗ ಚೆಂಡು ಕೆಸರಲ್ಲಿ ಹೂತು ಬರೀ ನೆತ್ತಿ ಕಾಣುತ್ತಿತ್ತು. ಹೊರಗೆ ತೆಗೆಯಲೇ ನಾಲ್ಕು ಹೊಡೆತ ಬೇಕಾದವು. ಪ್ಯಾಂಟು, ಅಂಗಿ, ಮೀಸೆ ಎಲ್ಲ ಒಂದೇ ಬಣ್ಣ. ಚೆಂಡು ಗುಣಿಗೆ ಬಿದ್ದಾಗ ಒಟ್ಟು ಹನ್ನೊಂದು. ಮಾವನವರು ಆಗಲೇ ಮುಗಿಸಿ, ಅತ್ತ ತಿರುಗಿ ಧೋತರದ ಕಚ್ಚೆ ಬಿಗಿಯುತ್ತಿದ್ದರು.

"ಎಷ್ಟಾತ್ರಿ?"

ಹನ್ನೊಂದು ಎನ್ನಲು ಬಾಯಿ ತೆರೆದೆ. ಬಾಯಿ "ಎಂಟು" ಎಂದಿತು.

ಯಾಕೆ ಹಾಗಂದೆನೋ ಈಗಲೂ ತಿಳಿಯದು. ನಾಚಿಕೆಯೋ, ಆ ಹುಡುಗಿಯ ಅಪ್ಪನೆದುರು ಹನ್ನೊಂದು ಎನ್ನುವ ಅವಮಾನವೋ. ಎರಡು ಹೊಡೆತದ ಸುಳ್ಳಿಗೆ ಒಬ್ಬನನ್ನು ಬಸ್ ಹತ್ತಿಸಿದ್ದರು. ನನ್ನದು ಮೂರು!

ಅವರು ತಿರುಗಿದರು. ಬಹಳ ಹೊತ್ತು ನನ್ನನ್ನು ನೋಡಿದರು. "ಖರೆ?"

"ಖರೆ ರೀ."

ಪಾಟಿಯ ಮೇಲೆ ಎಂಟು ಎಂದು ಬರೆದರು. ಆಮೇಲೆ ಸ್ವಲ್ಪ ತಡೆದು, "ನನ್ನವೂ ಎಂಟ" ಎಂದು ಅದರ ಪಕ್ಕ ಇನ್ನೊಂದು ಎಂಟು ಬರೆದರು. ಅವರು ಹೊಡೆದದ್ದು ಐದು. ನಾನು ಎಣಿಸಿದ್ದೆ, ಎಣಿಸುವುದೇ ನನ್ನ ಕಸುಬು. ವಯಸ್ಸಾಗಿದೆ, ಎಣಿಕೆ ತಪ್ಪಿರಬೇಕು ಎಂದುಕೊಂಡೆ. ತಿದ್ದುವ ಧೈರ್ಯ ಯಾರಿಗಿತ್ತು?

ಮಿಕ್ಕ ಮೂರು ಗುಣಿ ಹೇಗೆ ಆಡಿದೆನೋ ಕೇಳಬೇಡಿ. ಅವರು ಕೆಮ್ಮಿದರೆ ಗೊತ್ತಾಯಿತೆಂದು ನಡುಗಿದೆ, ಕೆಮ್ಮದಿದ್ದರೆ ಮನಸ್ಸಿನಲ್ಲಿಟ್ಟುಕೊಂಡಿದ್ದಾರೆಂದು ನಡುಗಿದೆ. ಏಳನೆಯದು ಮುಗಿದಾಗ ಮಾವನವರು ಬಿಳಿ ಚೆಂಡನ್ನು ಧೋತರದಿಂದ ಒರೆಸಿ ಕಿಸೆಗೆ ಹಾಕಿಕೊಂಡು ಮನೆಯ ಕಡೆ ನಡೆದರು. ಅಂಗಳಕ್ಕೆ ಬಂದು, ಒಳಗೆ ಕೂಗಿ, "ಚಾ ಇಡ್ರಿ" ಎಂದರು. ಚಾ ಕುಡಿಸಿ ಬಸ್ ಹತ್ತಿಸುವುದು! ಅಣ್ಣ ಚಪ್ಪಲಿ ಹುಡುಕತೊಡಗಿದ. ಮಾವನವರ ಮಾತು ಇನ್ನೂ ಮುಗಿದಿರಲಿಲ್ಲ. "ಸಕ್ಕರಿ ಜಾಸ್ತಿ ಹಾಕ್ರಿ. ಜ್ವಾಳದ ಸುಗ್ಗಿ ಮುಗಿದ ಮ್ಯಾಲ ಮದಿವಿ."

ಮದುವೆಯಾಯಿತು. ಆದರೆ ಆ ಮೂರು ಹೊಡೆತ ನನ್ನ ಜೊತೆಗೇ ಬಾಗಲಕೋಟೆಗೆ ಬಂದು ಸಂಸಾರ ಹೂಡಿದವು. ಮಾವನವರ ಕಾಗದ ಬಂದರೆ ಮೊದಲು ಹೆಂಡತಿಗೆ ಓದಲು ಕೊಟ್ಟು ಅವಳ ಮುಖ ನೋಡುತ್ತಿದ್ದೆ. ಹಬ್ಬಕ್ಕೆ ಗುಡೂರಿಗೆ ಹೋದರೆ ನಾಲ್ಕನೇ ಗುಣಿಯ ಹತ್ತಿರ ನನಗೆ ತಪ್ಪದೆ ಕೆಮ್ಮು ಬರುತ್ತಿತ್ತು. ಹೇಳಿಬಿಡಬೇಕು ಎಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಕೊಟ್ಟ ಮಗಳನ್ನು ತಿರುಗಿ ಕರೆದುಕೊಂಡಾರೆಂದು ಹೆದರಿ ಮುಚ್ಚಿದ್ದೇನೆ. ಆ ಮನುಷ್ಯ ಕರೆದುಕೊಳ್ಳಲೂ ಹೇಸುವವರಲ್ಲ!

ಎರಡು ವರ್ಷದ ಮೇಲೆ ಹೆಂಡತಿ ಹೆರಿಗೆಗೆ ತವರಿಗೆ ಹೋದಳು. ಬೇನೆ ಶುರುವಾಗಿದೆ ಎಂದು ಸುದ್ದಿ ಬಂದು ನಾನು ಗುಡೂರಿಗೆ ಓಡಿದೆ. ಒಳಗೆ ನರ್ಸಬಾಯಿ, ಹೊರಗೆ ನಾನೂ ಮಾವನವರೂ. ಇಬ್ಬರೂ ಅಂಗಳದಲ್ಲಿ ಅಡ್ಡಾಡುವುದನ್ನು ನೋಡಿ ನೋಡಿ ಅತ್ತೆಯವರಿಗೆ ಸಾಕಾಯಿತು.

"ಗಂಡಸ್ರು ಇಲ್ಲಿದ್ದು ಏನ ಮಾಡ್ತೀರಿ? ಹೋಗಿ ನಿಮ್ಮ ಗುಣಿ ಆಡ್ರಿ ಹೋಗ್ರಿ" ಎಂದು ತಾವೇ ಹೆಂಡಿ ಬುಟ್ಟಿ ತಂದು ನನ್ನ ಕೈಗೆ ಕೊಟ್ಟರು.

ಆಡಿದೆವು ಎನ್ನಬೇಕು. ಅಷ್ಟು ವರ್ಷದಲ್ಲಿ ಮೊದಲ ಸಲ ಮಾವನವರ ಚೆಂಡು ಕಳ್ಳಿಯೊಳಗೆ ಹೋಯಿತು. ನಾಲ್ಕನೇ ಗುಣಿಯ ಹತ್ತಿರ ನಾನು ಹದಿಮೂರನೇ ಹೊಡೆತ ಹೊಡೆದು, ಬಿಳಿ ಚೆಂಡು ಇನ್ನೂ ಮೊಳ ದೂರ ಇದ್ದಾಗ, ಗಾಯರಾಣದ ಅಂಚಿನಲ್ಲಿ ಅತ್ತೆಯವರು ಕಾಣಿಸಿದರು. ಆ ನೆಲಕ್ಕೆ ಎಂದೂ ಕಾಲಿಡದವರು ಸೀರೆ ಎತ್ತಿಕಟ್ಟಿ ಓಡಿ ಬರುತ್ತಿದ್ದರು.

"ಹೆಣ್ಣು! ಇಬ್ರೂ ಆರಾಮ ಅದಾರ" ಎಂದು ಕೂಗಿ, ಉಸಿರು ತೆಗೆದುಕೊಂಡು, ನಮ್ಮನ್ನು ಕಾಯದೆ ತಿರುಗಿ ಓಡಿದರು.

ಮಾವನವರು ಸಾರಿಸಿದ ನೆಲದ ಮೇಲೆ ಹಾಗೆಯೇ ಕೂತುಬಿಟ್ಟರು. ನಾನೂ ಕೂತೆ. ಅವರು ನನ್ನ ಮುಖ ನೋಡದೆ ಹೇಳಿದರು.

"ಅಳ್ಯಾರ, ಈಗ ನೀವೂ ಹೆಣ್ಣಮಗಳ ತಂದಿ ಆದ್ರಿ. ಅದಕ್ಕ ಹೇಳ್ತೇನಿ. ಅವತ್ತ ಇದ ಗುಣಿಯೊಳಗ ನೀವು ಹನ್ನೊಂದ ಹೊಡೆದು ಎಂಟು ಅಂದ್ರಿ. ನಾ ಎಣಿಸಿದ್ದೆ."

"ಮತ್ತ ಮಗಳನ್ನ ಯಾಕ ಕೊಟ್ರಿ ಮಾವಾರ?" ಎಂದೆ.

"ಅಕಿ ಮೊದಲಿನ ಮೂವರಿಗೂ ಚಾ ಕೊಟ್ಟಿದ್ದಳು. ಬಾವಿ ಐತಿ ಅಂತ ಒಬ್ಬಗೂ ಹೇಳಿರಲಿಲ್ಲ" ಎಂದರು. "ನಾ ಕಂಬದ ಹಿಂದ ನಿಂತಿದ್ದೆ. ಕೇಳಿಸ್ತು."

ಸಾರಿಸಿದ ನೆಲವನ್ನು ಅಂಗೈಯಿಂದ ಸವರುತ್ತಾ ಮತ್ತೆ ಅಂದರು. "ಸುಳ್ಳ ಹೇಳಿದಾಂವಗ ಮಗಳನ್ನ ಕೊಡೂದು ಹ್ಯಾಂಗ? ನೀವು ಮೂರು ಕಡಿಮಿ ಹೇಳಿದ್ರಿ. ನೀವೊಬ್ರ ಸುಳ್ಳ ಹೇಳಿದಂಗ ಆಗಬಾರದಂತ ನಾನೂ ಮೂರು ಜಾಸ್ತಿ ಹೇಳಿದೆ."

ನಾನು ಅತ್ತುಬಿಟ್ಟೆ. ಎರಡು ವರ್ಷ ಹೊತ್ತಿದ್ದದ್ದು ಇಳಿಯಿತು ಎಂದು ಅತ್ತೆನೋ, ಮಗಳು ಹುಟ್ಟಿದಳೆಂದು ಅತ್ತೆನೋ, ನನಗಾಗಿ ಆ ಮನುಷ್ಯ ತಾವೇ ಡಾಂಬರಿನಲ್ಲಿ ಬರೆದ ಮಾತನ್ನು ಮುರಿದಿದ್ದರಲ್ಲ ಎಂದು ಅತ್ತೆನೋ. ಅವರು ನನ್ನ ಬೆನ್ನ ಮೇಲೆ ಕೈಯಿಟ್ಟರು, ಎದ್ದರು. ಇಬ್ಬರೂ ಮನೆಯ ಕಡೆ ಜೋರಾಗಿ ನಡೆದೆವು. ಬೆಳಗಾವಿಯ ಬಿಳಿ ಚೆಂಡು ಗುಣಿಯ ಹತ್ತಿರವೇ ಬಿದ್ದಿತ್ತು, ಎತ್ತಿಕೊಳ್ಳಲು ಅವರು ಬಗ್ಗಲಿಲ್ಲ.

ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದಾಗ ಒಳಗಿಂದ ಕೂಸಿನ ಅಳು ಕೇಳಿಸಿತು. ಮಾವನವರು ತಂಬಿಗೆಯನ್ನು ನನ್ನ ಕೈಗೆ ಕೊಡುತ್ತಾ ಕೇಳಿದರು.

"ನಾಕನೇ ಗುಣಿಗೆ ಎಷ್ಟಾಗಿದ್ದು ಅಳ್ಯಾರ?"

"ಹದಿಮೂರು ರೀ. ಇನ್ನೂ ಬಿದ್ದಿರಲಿಲ್ಲ."

ಅವರು "ಖರೆ?" ಎಂದು ಕೇಳಲಿಲ್ಲ.