ಕೊನೆಯಲ್ಲಿ ಬಿದ್ದ ಮೇಡಂ ಹೆಸರು

ನಮ್ಮ ಪವಿತ್ರಳಿಗೆ ಬಡ್ತಿ ಸಿಕ್ಕಿತು! ಮೈಸೂರಿನ ಕಾಲೇಜೊಂದರಲ್ಲಿ ಕ್ಲಿನಿಕಲ್ ಸೈಕಾಲಜಿ ಹೇಳಿಕೊಡುವ ನನ್ನ ಮೊಮ್ಮಗಳು ನಿನ್ನೆ ಮಧ್ಯಾಹ್ನದಿಂದ ಅಸೋಸಿಯೇಟ್ ಪ್ರೊಫೆಸರ್. ಹಾಲಿನವರಿಗೆ, ಎದುರು ಮನೆಯವರಿಗೆ, ಕಪಿಲಾ ಹೊಳೆಯಲ್ಲಿ ಮಿಂದು ಒದ್ದೆ ಸೀರೆಯಲ್ಲಿ ಬರುತ್ತಿದ್ದ ಗುರುತಿಲ್ಲದ ಹೆಂಗಸರಿಗೂ ಹೇಳಿ ಮುಗಿಸಿ ಈಗ ನಿಮ್ಮ ಹತ್ತಿರ ಬಂದಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ತಪ್ಪು ಕಂಡರೆ ನೀವೇ ತಿದ್ದಿಕೊಳ್ಳಿ. ಆದರೆ ಈ ಬಡ್ತಿಯನ್ನು ನಾನೇ ಒಂದು ಫೋನಿನಲ್ಲಿ ಕೆಡಿಸಿಬಿಡುತ್ತಿದ್ದೆ ಎಂಬುದನ್ನು ಮಾತ್ರ ಮುಚ್ಚಿಡಲಾರೆ.

ಪವಿತ್ರ ಬರೆಯುವುದು ಮನಸ್ಸಿನ ಕಾಯಿಲೆಗಳ ವಿಷಯ. ಬೀಗ ಹಾಕಿ ಬಂದಮೇಲೂ ಹಾಕಿದೆನೋ ಇಲ್ಲವೋ ಎಂದು ಹತ್ತಾರು ಸಲ ಹಿಂದಕ್ಕೆ ಹೋಗಿ ಜಗ್ಗಿ ನೋಡುವವರಿದ್ದಾರಲ್ಲ, ಅಂಥವರ ಮನೆಮನೆ ಸುತ್ತಿ, ಅವರ ಮೇಲೆಯೇ ವರ್ಷಗಟ್ಟಲೆ ಕೆಲಸ ಮಾಡಿದ್ದಾಳೆ. ನರಸೀಪುರದಲ್ಲಿರುವ ನನ್ನ ಅಕ್ಕನಿಗೆ ಇದನ್ನು ಹೇಳಿದಾಗ, "ಲೇ, ಅದನ್ನ ನಾನು ದಿನಾ ಮಾಡ್ತೀನಲ್ಲೇ, ಅದಕ್ಕೂ ಓದ್ಬೇಕಾ?" ಎಂದಳು. ಬಡ್ತಿ ಬೇಕಾದರೆ ಬರೆದರಷ್ಟೇ ಸಾಲದಂತೆ. ಬೇರೆ ಊರಿನ, ಬೇರೆ ದೇಶದ ವಿದ್ವಾಂಸರು ಇವಳದನ್ನು ಓದಿ, ತಮ್ಮ ಬರಹದಲ್ಲಿ 'ಪವಿತ್ರ ಹೀಗೆ ಹೇಳಿದ್ದಾಳೆ' ಎಂದು ಹೆಸರು ಹಾಕಬೇಕಂತೆ. ಅದಕ್ಕೆ ಸೈಟೇಶನ್ ಅನ್ನುತ್ತಾರೆ. "ನಿನ್ನ ಹೆಸರು ನಾನು ದಿನಕ್ಕೆ ನೂರು ಸಲ ಹೇಳ್ತೀನಲ್ಲ ಮಗಾ?" ಎಂದೆ. "ಅದು ಲೆಕ್ಕಕ್ಕೆ ಬರಲ್ಲ ಕಣಜ್ಜಿ," ಎಂದು ನನ್ನ ಕೆನ್ನೆ ಹಿಂಡಿದಳು.

ಇಂಟರ್ವ್ಯೂಗೆ ನಾಲ್ಕು ದಿನ ಇರುವಾಗ ತನ್ನ ಲೇಖನಗಳನ್ನೆಲ್ಲ ಫೈಲಿಗೆ ಸೇರಿಸಲು ಮನೆಗೆ ತಂದಿದ್ದಳು. ಎಲ್ಲರೂ ಕೊಂಡಾಡಿದ ಲೇಖನ ಯಾವುದು ಎಂದು ಕೇಳಿದೆ. ಮೊದಲ ಪುಟದಲ್ಲಿದ್ದ ಮೂರು ಹೆಸರುಗಳನ್ನು ಬೆರಳಿಟ್ಟು ಓದಿದಳು: "ಮೊದಲ್ನೇದು ನಂದು, ಇದು ನನ್ ಜೊತೆಯವಳ್ದು, ಕೊನೇದು ನಮ್ ಗೈಡ್ ಮೇಡಂದು." ವಿದ್ಯೆ ಕೊಟ್ಟ ಗುರುವಿನ ಹೆಸರು ಎಲ್ಲರಿಗಿಂತ ಕೆಳಗೆ! ಅಕ್ಕನ ಮಗನ ಮದುವೆಯ ಲಗ್ನಪತ್ರಿಕೆಯಲ್ಲಿ ದೊಡ್ಡ ಮಾವನ ಹೆಸರು ಕೊನೆಯ ಸಾಲಿಗೆ ಬಿದ್ದದ್ದಕ್ಕೆ ಆತ ಛತ್ರದ ಬಾಗಿಲವರೆಗೂ ಬಂದು, ಊಟ ಮಾಡದೆ ಬಸ್ಸು ಹತ್ತಿದ್ದ. ಮೂರು ವರ್ಷ ಮಾತಿಲ್ಲ. ಆ ಪತ್ರಿಕೆಯ ಹೆಸರುಗಳನ್ನು ಬರೆಸಿದವಳು ನಾನೇ.

ಪವಿತ್ರ ಸ್ನಾನಕ್ಕೆ ಹೋದಳು. ನಾನು ಫೋನು ಹಿಡಿದು ಹಿತ್ತಲಿಗೆ ಹೋದೆ. ಹಿಂದೊಮ್ಮೆ ಮೇಡಂ ಮನೆಗೆ ರಸಬಾಳೆ ಕಳಿಸಿದಾಗ ನಂಬರು ಸಿಕ್ಕಿತ್ತು.

"ಮೇಡಮ್ಮಾರೇ, ನಾನು ಪವಿತ್ರನ ಅಜ್ಜಿ. ಮಗೀಗೆ ತಿಳುವಳಿಕೆ ಇಲ್ಲ, ನಿಮ್ಮ ಹೆಸರ ಕೊನೇಗೆ ಹಾಕ್ಬುಟ್ಟವಳೆ. ಮನಸಲ್ಲಿ ಇಟ್ಕೋಬೇಡಿ. ಮನೆಮನೆ ಸುತ್ತಿ ಬರ್ದೋಳು ಅವಳೇ ಅಂತ ಸ್ವಲ್ಪ ಜಂಬ ಬಂದದೆ, ನಾನು ಬೈತೀನಿ."

"ಆಗ್ಲಿ ಅಮ್ಮ," ಎಂದು ಮೇಡಂ ಫೋನು ಇಟ್ಟುಬಿಟ್ಟರು.

ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ಊಟದ ಹೊತ್ತಿಗೆ ಹೇಳಿದೆ. ಪವಿತ್ರ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. "ಅಜ್ಜೀ! ನಮ್ಮಲ್ಲಿ ದಾರಿ ತೋರಿಸಿದ ದೊಡ್ಡವರೇ ಕೊನೇಲಿ ಇರೋದು! ಬಡ್ತಿ ಕೊಡೋ ಕಮಿಟಿಗೆ ಮೇಡಂ ಇನ್ನೂ ನನ್ನ ಬಗ್ಗೆ ಕಾಗದ ಬರೀಬೇಕು. ಈಗ ನನ್ನ ಜಂಬದವಳು ಅಂದ್ಕೊಳ್ತಾರೆ!" ನನ್ನ ಮಗ ನಂಜುಂಡ, ಪವಿತ್ರಳ ಅಪ್ಪ, "ಅವ್ವಾ, ಏನ್ ಮಾಡ್ಬುಟ್ಟೆ ನೀನು!" ಎಂದು ಕೈ ತೊಳೆದು ಎದ್ದ. ನಾಲ್ಕು ದಿನ ನಾನು ಫೋನು ಮುಟ್ಟಲಿಲ್ಲ. ಮಗು ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ನಿನ್ನೆ ಮಧ್ಯಾಹ್ನ ಬಡ್ತಿ ಸಿಕ್ಕಿತೆಂದು ಪವಿತ್ರಳ ಫೋನು ಬಂತು. ತಮ್ಮ ಬರಹದಲ್ಲಿ ಅವಳ ಹೆಸರು ಹಾಕಿದ ವಿದ್ವಾಂಸರು ಬೇಕಾದ್ದಕ್ಕಿಂತ ಮೂರು ಮಂದಿ ಹೆಚ್ಚೇ ಇದ್ದರಂತೆ. ಮೇಡಂ ಕಾಗದದಲ್ಲಿ, ಆ ಲೇಖನಕ್ಕಾಗಿ ಮನೆಮನೆ ಸುತ್ತಿದವಳು, ಬರೆದವಳು ಪವಿತ್ರಳೇ ಎಂದು ಒಂದು ಪುಟ ಪೂರ್ತಿ ಬರೆದಿದ್ದರಂತೆ. "ನಿಮ್ಮಜ್ಜಿ ಅಷ್ಟು ಹೇಳಿದ್ಮೇಲೆ ನಾನು ಎರಡು ಸಾಲು ಬರೆದು ಬಿಡೋಕಾಗುತ್ತಾ?" ಎಂದು ನಕ್ಕರಂತೆ. ನಾನು ದೇವರ ಮುಂದೆ ನಿಂತು ಅತ್ತುಬಿಟ್ಟೆ.

ಸಂಜೆ ಅಕ್ಕ ನರಸೀಪುರದಿಂದ ಬಸ್ಸು ಹಿಡಿದು ಬಂದಳು, ಪವಿತ್ರ ಮೈಸೂರಿನಿಂದ ಬಂದಳು. ಸೊಸೆ ಅವರೆಕಾಳು ಸಾರು, ಮುದ್ದೆ, ಶಾವಿಗೆ ಪಾಯಸ ಮಾಡಿದ್ದಳು. ಎಲ್ಲರೂ ನಡುಮನೆಯಲ್ಲಿ ಸಾಲಾಗಿ ಕೂತೆವು. "ಕಮಿಟಿಯವರಿಗೂ ಒಂದು ಮಾತು ಥ್ಯಾಂಕ್ಸ್ ಹೇಳಬೇಡವೇನೋ, ನಂಜುಂಡ?" ಎಂದೆ ಅಷ್ಟೆ. ನಂಜುಂಡ ಎಡಗೈ ಚಾಚಿ ನನ್ನ ಪಕ್ಕದಲ್ಲಿದ್ದ ಫೋನು ಎತ್ತಿ ತನ್ನ ಅಂಗಿ ಜೇಬಿಗೆ ಹಾಕಿಕೊಂಡ. ಅಕ್ಕ ಬಿದ್ದು ಬಿದ್ದು ನಕ್ಕಳು. ಪವಿತ್ರ ನನ್ನ ಎಲೆಗೆ ಎರಡನೇ ಸಲ ಪಾಯಸ ಬಡಿಸಿದಳು. ನಾನು ಸುಮ್ಮನೆ ಉಣ್ಣುತ್ತ, ಆ ಜೇಬಿಗೆ ಗುಂಡಿ ಇದೆಯೋ ಇಲ್ಲವೋ ಎಂದು ನೋಡುತ್ತಿದ್ದೆ.